ಕಣ್ಣಿನ ಗೆಡ್ಡೆಯ ಸಂಶೋಧನೆಗೆ ಮಾದರಿ ಸಂಗ್ರಹ: ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ?

ಹೊಸಬ್ಲಾಕ್

ರೆಟಿನೋಬ್ಲಾಸ್ಟೋಮಾ (ಮಕ್ಕಳ ರೆಟಿನಾದ ಕ್ಯಾನ್ಸರ್) ಮತ್ತು ಯೂವಿಯಲ್ ಮೆಲನೋಮಾ (ಕಣ್ಣೊಳಗಿನ ಬಣ್ಣದ ಪದರದ ಕ್ಯಾನ್ಸರ್), ಎರಡಕ್ಕೂ ಸೇರಿಸಿ ಒಂದು ಮಾದರಿ ಸಂಗ್ರಹದ ಪ್ರೋಟೋಕಾಲ್ ಬರೆಯಬೇಕಾಗಿದೆ. ನೈತಿಕ ಸಮಿತಿಯ ಒಪ್ಪಿಗೆ, ಸಮ್ಮತಿ ಪತ್ರ ಇವೆಲ್ಲ ಬೇರೆ ಕಡತ. ಇಲ್ಲಿ ಕೇಳುತ್ತಿರುವುದು ಬರೀ ಕೈಕೆಲಸದ ಪ್ರಶ್ನೆಗಳು.

ತೆಗೆದ ಕಣ್ಣುಗುಡ್ಡೆಯಿಂದ ಹಸಿ ಗೆಡ್ಡೆ ಬೇಕು ಅಂತ ಸೀಕ್ವೆನ್ಸಿಂಗ್ ಕಡೆಯವರು, ಕಣ್ಣನ್ನು ಮುಟ್ಟಲೇಬೇಡಿ ಅಂತ ಪೆಥಾಲಜಿಯವರು. ಯಾರ ಮಾತು ಮೊದಲು ನಡೆಯಬೇಕು? ಕಣ್ಣು ಉಳಿಸಿಕೊಂಡ ಮಕ್ಕಳಲ್ಲಿ ಮುಂಗೋಣೆಯ (ಕಾರ್ನಿಯಾ, ಐರಿಸ್ ನಡುವಿನ ಜಾಗದ) ದ್ರವ ಎಷ್ಟು ತೆಗೆಯಬಹುದು, ಹೇಗೆ ಇಡಬೇಕು? ಮೆಲನೋಮಾದ ಡಿಎನ್‌ಎ ಕಪ್ಪಗೆ ಬಂದು ಪಿಸಿಆರ್ ಓಡುವುದೇ ಇಲ್ಲ ಅನ್ನುತ್ತಾರಲ್ಲ, ಅದಕ್ಕೇನು ಮದ್ದು? ರೋಗಿಗಳ ಮಾದರಿ ಬರುವ ತನಕ ಸೆಲ್ ಲೈನ್‌ಗಳ (ಲ್ಯಾಬಿನಲ್ಲಿ ಬೆಳೆಸುತ್ತ ಬಂದ ಕೋಶಗಳ) ಮೇಲೆ ವಿಧಾನ ಹದ ಮಾಡಿಕೊಳ್ಳುವುದಾದರೆ ಯಾವುದನ್ನು ತರಿಸುವುದು ಒಳ್ಳೆಯದು?

ಪ್ಯಾರಾಫಿನ್

ಮೊದಲ ಪ್ರಶ್ನೆಗೆ ನೇರ ಉತ್ತರ: ಪೆಥಾಲಜಿ ಮೊದಲು. ಇದು ಪ್ರತಿಷ್ಠೆಯ ಮಾತಲ್ಲ. ರೆಟಿನೋಬ್ಲಾಸ್ಟೋಮಾದಲ್ಲಿ ಆ ಮಗುವಿಗೆ ಮುಂದೆ ಕೀಮೋ ಬೇಕೋ ಬೇಡವೋ ಅನ್ನುವುದು ಆಪ್ಟಿಕ್ ನರದ ಕೊನೆ ಮತ್ತು ಕೋರಾಯ್ಡ್ (ರೆಟಿನಾದ ಹಿಂದಿನ ರಕ್ತನಾಳಗಳ ಪದರ), ಈ ಎರಡು ಜಾಗದಲ್ಲಿ ಗೆಡ್ಡೆ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಹಸಿ ಗೆಡ್ಡೆ ಕೀಳುವ ಅವಸರದಲ್ಲಿ ಕೆಡುವುದೂ ಈ ಎರಡೇ.

ಹಾಗಂತ ಹಸಿ ಗೆಡ್ಡೆ ಕೊಡಬಾರದು ಅಂತಲ್ಲ. ಕ್ರಮ ತಪ್ಪಬಾರದು ಅಷ್ಟೇ. ಕಣ್ಣುಗುಡ್ಡೆ ಕೈಗೆ ಬಂದ ಕೂಡಲೇ ಸರ್ಜನ್ ಕತ್ತರಿಸಿದ ನರದ ತುದಿಗೆ ಶಾಯಿ ಹಚ್ಚಿ. ಒಳ್ಳೆಯ ಶಸ್ತ್ರಚಿಕಿತ್ಸೆಯಲ್ಲಿ 10ರಿಂದ 15 ಮಿ.ಮೀ. ನರ ಬಂದಿರುತ್ತದೆ. ಸ್ಕ್ಲೀರಾದಿಂದ (ಕಣ್ಣಿನ ಬಿಳಿ ಹೊರಗೋಡೆ) ಸುಮಾರು 2 ಮಿ.ಮೀ. ಬಿಟ್ಟು ನರವನ್ನು ಅಡ್ಡ ಕತ್ತರಿಸಿ ಬೇರೆಯೇ ಬಾಟಲಿಯ ಫಾರ್ಮಲಿನ್‌ಗೆ ಹಾಕಿ ಮುಚ್ಚಳ ಮುಚ್ಚಿ, ಪಕ್ಕಕ್ಕಿಡಿ. ಇಷ್ಟಾಗುವ ತನಕ ಕಣ್ಣಿಗೆ ಬ್ಲೇಡ್ ತಾಗಬಾರದು. ಈ ಗೆಡ್ಡೆ ಬೆಂದ ಸಬ್ಬಕ್ಕಿಯ ಹಾಗೆ ಉದುರುತ್ತದೆ. ಕಣ್ಣು ಮೊದಲು ತೆರೆದರೆ ಕೋಶಗಳು ಕತ್ತರಿಗೆ, ಕೈಗವಸಿಗೆ, ಅಲ್ಲಿಂದ ನರದ ತುದಿಗೆ ಅಂಟುತ್ತವೆ. ಆಮೇಲೆ ಸ್ಲೈಡಿನಲ್ಲಿ ನೋಡಿದವರು "ಅಂಚಿನಲ್ಲಿ ಗೆಡ್ಡೆ ಇದೆ" ಅಂತ ಬರೆದರೆ ಬೇಡದ ಚಿಕಿತ್ಸೆ ಆ ಮಗುವಿನ ಪಾಲಿಗೆ.

ನರ ಪಕ್ಕಕ್ಕೆ ಹೋದ ಮೇಲೆ, ಬೆಳಕು ಹಾಯಿಸಿ ಗೆಡ್ಡೆಯ ನೆರಳು ಎಲ್ಲಿದೆ ಅಂತ ಗುರುತು ಮಾಡಿಕೊಂಡು, ಗೆಡ್ಡೆಯ ಬುಡದ ಪಕ್ಕದಲ್ಲಿ, ಕಣ್ಣಿನ ನಡುಸುತ್ತಿನ ಹತ್ತಿರ 6ರಿಂದ 8 ಮಿ.ಮೀ. ಟ್ರೆಫೈನ್‌ನಿಂದ (ದುಂಡಗೆ ಕೊರೆಯುವ ಬ್ಲೇಡ್) ಕಿಟಕಿ ಕೊರೆಯುವುದು ವಾಡಿಕೆ. ಪೂರ್ತಿ ಬಿಲ್ಲೆ ತೆಗೆಯಬೇಡಿ, ಒಂದು ಕಡೆ ಕೀಲಿನಂತೆ ಬಿಡಿ. ಇಕ್ಕಳದಿಂದ ಮೆತ್ತಗೆ ಬೇಕಾದಷ್ಟು ಎತ್ತಿಕೊಂಡು, ಮುಚ್ಚಳ ಮಡಚಿ, ಒಂದೆರಡು ಹೊಲಿಗೆ ಹಾಕಿ ಇಡೀ ಕಣ್ಣನ್ನು 10% ಬಫರ್ಡ್ ಫಾರ್ಮಲಿನ್‌ಗೆ ಬಿಡಿ. ಕನಿಷ್ಠ 24 ಗಂಟೆ, 48 ಆದರೆ ಇನ್ನೂ ಒಳ್ಳೆಯದು. ಫಾರ್ಮಲಿನ್ ಧಾರಾಳವಾಗಿರಲಿ, ಕಣ್ಣಿನ ಹತ್ತು ಪಟ್ಟಿಗಿಂತ ಕಡಿಮೆ ಬೇಡ.

ಒರಟುಸೂಜಿ

ಕಿಟಕಿ ಕೊರೆಯುವ ಜಾಗದ ಬಗ್ಗೆ ನನ್ನ ತಕರಾರಿದೆ. ಸ್ಕ್ಲೀರಾ ಕೊರೆದರೆ ಅದರ ಕೆಳಗಿರುವ ಕೋರಾಯ್ಡ್ ಕೂಡ ಕತ್ತರಿಸಿ ಹೋಗುತ್ತದೆ. ಯಾವ ಪದರವನ್ನು ಅಳೆಯಬೇಕೋ ಅದಕ್ಕೇ ಗಾಯ. ಕಾರ್ನಿಯಾ ಅಂಚಿನಿಂದ ತೆರೆದು, ಲೆನ್ಸ್ ಸರಿಸಿ, ಮುಂದಿನಿಂದ ಗೆಡ್ಡೆ ಎತ್ತುವವರೂ ಇದ್ದಾರೆ. ಹಿಂದಿನ ಗೋಡೆ ಪೂರ್ತಿ ಉಳಿಯುತ್ತದೆ.

ಪ್ಯಾರಾಫಿನ್

ಒಪ್ಪಿದೆ, ಗೆಡ್ಡೆ ಹಿಂಬದಿಯಲ್ಲಿ ಮಾತ್ರ ಇದ್ದರೆ ಮುಂದಿನ ದಾರಿ ಚೆನ್ನ. ಆದರೆ ಸಿಲಿಯರಿ ಬಾಡಿ (ಐರಿಸ್ ಹಿಂದಿನ ಉಂಗುರ), ಐರಿಸ್, ಮುಂಗೋಣೆಗೆ ಗೆಡ್ಡೆ ಹಬ್ಬಿದ ಅನುಮಾನ ಇದ್ದರೆ ಆ ದಾರಿ ಮುಚ್ಚಿತು ಅಂತಲೇ ತಿಳಿಯಿರಿ. ಅಲ್ಲೂ ಗೆಡ್ಡೆ ಇದೆಯೋ ಇಲ್ಲವೋ ಅಂತ ನಾವು ಬರೆದು ಕೊಡಬೇಕು. ಯಾವ ಗಡಿಯಾರದ ದಿಕ್ಕಿನಲ್ಲಿ ಕೊರೆದಿರಿ ಅನ್ನುವುದನ್ನು ಫಾರ್ಮಿನ ಮೇಲೆ ಬರೆದರೆ ಅರ್ಧ ಜಗಳ ಮುಗಿಯುತ್ತದೆ. "4 ಗಂಟೆ ದಿಕ್ಕು, ನಡುಸುತ್ತು" ಅಂತ ಒಂದು ಸಾಲು ಸಾಕು. ಆ ಜಾಗದ ಕೋರಾಯ್ಡ್‌ನಲ್ಲಿ ಬಿಡಿ ಕೋಶ ಕಂಡರೆ ಏನೆಂದು ಗೊತ್ತಾಗುತ್ತದೆ.

ನಿಜವಾದ ಆಕ್ರಮಣಕ್ಕೂ ಚೆಲ್ಲಿದ ಕೋಶಗಳಿಗೂ ವ್ಯತ್ಯಾಸ ಹೀಗೆ. ಒಳಹೊಕ್ಕ ಗೆಡ್ಡೆ ಗಟ್ಟಿ ಗುಂಪಾಗಿ, ಅಂಚಿನಿಂದ ಸುತ್ತಲ ಅಂಗಾಂಶವನ್ನು ತಳ್ಳಿಕೊಂಡು ಕೂತಿರುತ್ತದೆ. ಚೆಲ್ಲಿದ್ದು ಖಾಲಿ ಸಂದುಗಳಲ್ಲಿ, ರಕ್ತನಾಳದ ಪಕ್ಕದಲ್ಲಿ ಸಡಿಲವಾಗಿ ತೇಲುತ್ತಿರುತ್ತದೆ, ಬಹುಪಾಲು ಸತ್ತ ಕೋಶಗಳೇ. ಗಟ್ಟಿ ಗುಂಪು ಯಾವುದೇ ಅಳತೆಯಲ್ಲಿ 3 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಭಾರಿ ಆಕ್ರಮಣ, ಕಡಿಮೆ ಇದ್ದರೆ ಸೀಮಿತ. ಈ ಗೆರೆ 2009ರ ಅಂತರರಾಷ್ಟ್ರೀಯ ಒಪ್ಪಂದದ್ದು. ಅದನ್ನು ಅಳೆಯಲು ಪಾಪೆ ಮತ್ತು ಆಪ್ಟಿಕ್ ನರ ಎರಡೂ ಬರುವ ನಡುತುಂಡು ಒಂದೇ ಸಾಲದು. ಅದರ ಎರಡು ಪಕ್ಕ ಉಳಿಯುವ ಬಟ್ಟಲಿನಾಕಾರದ ಭಾಗಗಳನ್ನೂ ಬ್ರೆಡ್ಡಿನಂತೆ ಹೋಳು ಮಾಡಿ, ಹೋಳುಗಳನ್ನು ಅಂಚಿನ ಮೇಲೆ ನಿಲ್ಲಿಸಿ ಬ್ಲಾಕ್ ಮಾಡಬೇಕು. ಮಲಗಿಸಿದರೆ ಕೋರಾಯ್ಡ್ ಓರೆಯಾಗಿ ಕತ್ತರಿಸಿ ದಪ್ಪ ಕಾಣುತ್ತದೆ.

ಗಾಜುಪಟ್ಟಿ

ಒಂದು ಸಣ್ಣ ಪ್ರಶ್ನೆ. ಫಾರ್ಮಲಿನ್‌ನಲ್ಲಿ ರೆಟಿನಾ ಕಿತ್ತು ಬರುತ್ತದೆ, ಡೇವಿಡ್‌ಸನ್ ದ್ರಾವಣ ಬಳಸಿ ಅಂತ ಇಲಿ ಪ್ರಯೋಗದವರು ಹೇಳುತ್ತಾರೆ. ಇಲ್ಲೂ ಅದನ್ನೇ ಹಾಕಿದರೆ?

ಪ್ಯಾರಾಫಿನ್

ಇಲಿಗೆ ಸರಿ, ಇಲ್ಲಿಗೆ ಬೇಡ. ಒಂದು ಲೀಟರಿಗೆ 95% ಎಥನಾಲ್ 330 ಮಿ.ಲೀ., 37% ಫಾರ್ಮಾಲ್ಡಿಹೈಡ್ 220, ಗ್ಲೇಸಿಯಲ್ ಅಸಿಟಿಕ್ ಆಮ್ಲ 115, ನೀರು 335. ಬೇಗ ಒಳಗಿಳಿಯುತ್ತದೆ, ರೆಟಿನಾ ಚಪ್ಪಟೆಯಾಗಿ ಕೂರುತ್ತದೆ. ಆದರೆ ಆಮ್ಲ ಡಿಎನ್‌ಎಯನ್ನು ಚೂರು ಮಾಡುತ್ತದೆ, ಕೆಲವು ಆ್ಯಂಟಿಬಾಡಿಗಳೂ ಕೈಕೊಡುತ್ತವೆ. ಇಲಿ ಕಣ್ಣನ್ನಾದರೂ 24 ಗಂಟೆಗಿಂತ ಹೆಚ್ಚು ಅದರಲ್ಲಿ ಮರೆತು ಬಿಡಬಾರದು.

ಫಾರ್ಮಲಿನ್‌ನಲ್ಲಿ ಕಿತ್ತ ರೆಟಿನಾವನ್ನು ಗುರುತಿಸುವುದು ಕಷ್ಟವಲ್ಲ. ರೆಟಿನಾದಡಿ ದ್ರವ ಇರುವುದಿಲ್ಲ, ಫೋಟೋರಿಸೆಪ್ಟರ್ ತುದಿಗಳಿಗೆ ಪಿಗ್ಮೆಂಟ್ ಚೂರು ಅಂಟಿಕೊಂಡಿರುತ್ತದೆ. ಬದುಕಿದ್ದಾಗಲೇ ಕಿತ್ತಿದ್ದರೆ ಕೆಳಗಿನ ಪಿಗ್ಮೆಂಟ್ ಕೋಶಗಳು ಗೋರಿಕಲ್ಲಿನಂತೆ ಉಬ್ಬಿ ನಿಂತಿರುತ್ತವೆ.

ತನುಖಿ

ಹೊರಗಿನವರಿಗೂ ತಿಳಿಯಲಿ ಅಂತ ಕೇಳುತ್ತೇನೆ. ಬೇರೆ ಗೆಡ್ಡೆಗಳಂತೆ ಇದಕ್ಕೂ ಸೂಜಿ ಹಾಕಿ ಬಯಾಪ್ಸಿ ಮಾಡಿದರೆ ಇಷ್ಟೆಲ್ಲ ಸರ್ಕಸ್ ಬೇಕಿಲ್ಲವಲ್ಲ?

ಬಿಳಿಪಾಪೆ

ರೆಟಿನೋಬ್ಲಾಸ್ಟೋಮಾಗೆ ಸೂಜಿ ಹಾಕುವುದಿಲ್ಲ. ಗೆಡ್ಡೆ ಕಣ್ಣಿನ ಒಳಗಿರುವಷ್ಟು ಕಾಲ ಮಗು ಬದುಕುವ ಸಾಧ್ಯತೆ ತುಂಬ ಹೆಚ್ಚು. ಸೂಜಿಯ ದಾರಿ ಹಿಡಿದು ಅದು ಕಣ್ಣುಗುಡ್ಡೆಯಾಚೆ, ಕಣ್ಣಿನ ಗುಳಿಯೊಳಗೆ ಬಂದರೆ ಲೆಕ್ಕವೇ ಬದಲಾಗುತ್ತದೆ. ಅದಕ್ಕೇ ರೋಗನಿರ್ಣಯ ಕಣ್ಣಲ್ಲಿ ನೋಡಿ, ಅಲ್ಟ್ರಾಸೌಂಡ್‌ನಲ್ಲಿ ಕ್ಯಾಲ್ಸಿಯಂ ಕಂಡು, ಎಂಆರ್‌ಐ ಮಾಡಿ ಆಗುತ್ತದೆ. ಇದರ ಪರಿಣಾಮ ಸಂಶೋಧನೆಯ ಮೇಲೂ ಆಯಿತು. ದಶಕಗಳ ಕಾಲ ನಮಗೆ ಸಿಕ್ಕ ಗೆಡ್ಡೆಯೆಲ್ಲ ತೆಗೆದುಹಾಕಿದ ಕಣ್ಣಿನದ್ದು, ಅಂದರೆ ಮುಂದುವರಿದ ಕಾಯಿಲೆಯದ್ದು. ಚಿಕಿತ್ಸೆಗೆ ಬಗ್ಗಿ ಉಳಿದ ಕಣ್ಣುಗಳ ಜೀನ್ ಹೇಗಿತ್ತು ಅಂತ ನೋಡುವ ದಾರಿಯೇ ಇರಲಿಲ್ಲ.

ಆ ಬಾಗಿಲು ತೆರೆದದ್ದು ಮುಂಗೋಣೆಯ ದ್ರವ, ಆಕ್ವಿಯಸ್. 2012ರ ಹೊತ್ತಿಗೆ ವಿಟ್ರಿಯಸ್‌ಗೆ (ಕಣ್ಣೊಳಗಿನ ಲೋಳೆ) ಮೆಲ್ಫಲಾನ್ ಎಂಬ ಕೀಮೋ ಔಷಧಿ ಚುಚ್ಚುವ ಸುರಕ್ಷಿತ ವಿಧಾನ ಬಂತು. ಒತ್ತಡ ಇಳಿಸಲು ಮೊದಲು ಮುಂಗೋಣೆಯಿಂದ 0.1 ಮಿ.ಲೀ. ಚಿಲ್ಲರೆ ತೆಗೆಯುವುದು, ಆಮೇಲೆ 32 ಗೇಜ್ ಸೂಜಿಯಲ್ಲಿ 20ರಿಂದ 30 ಮೈಕ್ರೋಗ್ರಾಂ ಔಷಧಿ, ಸೂಜಿ ಹೊರಗೆಳೆಯುವಾಗ ಆ ರಂಧ್ರಕ್ಕೆ ಮೂರು ಸಲ ಹೆಪ್ಪುಗಟ್ಟಿಸಿ ಕರಗಿಸುವ ಕ್ರಯೋ. ತೆಗೆದ ದ್ರವವನ್ನು ಚೆಲ್ಲುತ್ತಿದ್ದರು. 2017ರಲ್ಲಿ ಆ ದ್ರವದಲ್ಲೇ ಗೆಡ್ಡೆಯ ಡಿಎನ್‌ಎ ತೇಲುತ್ತಿದೆ ಅಂತ ತೋರಿಸಿದರು.

ಒರಟುಸೂಜಿ

ಹಾಗಾದರೆ ಸ್ವಲ್ಪ ಜಾಸ್ತಿ, 0.3 ಮಿ.ಲೀ. ತೆಗೆದುಕೊಂಡರೆ ಸೀಕ್ವೆನ್ಸಿಂಗ್‌ನವರಿಗೆ ಹಬ್ಬ.

ಬಿಳಿಪಾಪೆ

ಸರ್, ದೊಡ್ಡವರ ಮುಂಗೋಣೆಯೇ ಸುಮಾರು 0.25 ಮಿ.ಲೀ. ಕೂಸಿನದು ಅದಕ್ಕಿಂತ ಚಿಕ್ಕದು. 0.3 ಎಳೆದರೆ ಐರಿಸ್ ಮತ್ತು ಲೆನ್ಸ್ ಹೋಗಿ ಕಾರ್ನಿಯಾಗೆ ಅಂಟುತ್ತವೆ. 0.1 ಮಿ.ಲೀ., ಅಂದರೆ 100 ಮೈಕ್ರೋಲೀಟರ್, ಇದೇ ಬಜೆಟ್. ಇದರೊಳಗೆ ಸಂಸಾರ ಮಾಡಬೇಕು.

ಹಾಗಾಗಿ ಒಂದೊಂದು ಹನಿ ಎಲ್ಲಿ ಹೋಗುತ್ತದೆ ನೋಡಿ. ಮಾಮೂಲಿ ಸಿರಿಂಜ್‌ನಲ್ಲಿ ಸೂಜಿ ಕೂರುವ ಗುಂಡಿಯಲ್ಲೇ ಹತ್ತಾರು ಮೈಕ್ರೋಲೀಟರ್ ಉಳಿದುಬಿಡುತ್ತದೆ, ಡೆಡ್ ಸ್ಪೇಸ್ ಕಡಿಮೆ ಇರುವುದನ್ನೇ ಕೇಳಿ ತರಿಸಿ. ಚಿಕ್ಕ ಟ್ಯೂಬ್, ಡಿಎನ್‌ಎ ಅಂಟದ ಪ್ಲಾಸ್ಟಿಕ್, ತಿರುಪಿನ ಮುಚ್ಚಳ. ತೆಗೆದ ಕೂಡಲೇ ಐಸ್ ಮೇಲೆ, ಲ್ಯಾಬಿಗೆ ಬಂದ ಕೂಡಲೇ 50 ಮತ್ತು 50 ಅಂತ ಎರಡು ಪಾಲು ಮಾಡಿ ಮೈನಸ್ 80ಕ್ಕೆ. ಪಾಲು ಮಾಡುವುದು ಯಾಕೆ ಅಂದರೆ ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಒಂದು ಓಟ ಹಾಳಾದರೆ ಇನ್ನೊಂದು ಪಾಲು ಇರಲಿ.

ಕಣ್ಣಿನ ಕಡೆ: 5% ಪೊವಿಡೋನ್ ಅಯೋಡಿನ್, ಕಾರ್ನಿಯಾ ಅಂಚಿನ ಪಾರದರ್ಶಕ ಭಾಗದಿಂದ ಪ್ರವೇಶ, ಸೂಜಿಯ ತುದಿ ಐರಿಸ್‌ನ ಮೇಲೆಯೇ ಇರಬೇಕು, ಪಾಪೆಯ ಮೇಲೆ ಬಂದರೆ ಕೆಳಗೆ ಲೆನ್ಸ್ ಇದೆ. ವಿಟ್ರಿಯಸ್ ಮುಟ್ಟುವ ಮಾತೇ ಇಲ್ಲ. ಮುಂಗೋಣೆಯಲ್ಲೇ ಗೆಡ್ಡೆಯ ಬೀಜ (ಕಳಚಿ ತೇಲುವ ಕೋಶಗುಂಪು) ಕಂಡರೆ ಸೂಜಿ ಹಾಕಬೇಡಿ. ಐರಿಸ್ ಮೇಲೆ ಹೊಸ ರಕ್ತನಾಳ ಇದ್ದರೂ ಯೋಚಿಸಿ. ಅದು ಒಸರಿದರೆ ಮಗುವಿಗೂ ಕಷ್ಟ, ಮಾದರಿಗೂ ನಷ್ಟ. ರಕ್ತದ ಬಿಳಿಕಣಗಳ ಡಿಎನ್‌ಎ ಬಂದು ಸೇರಿ ಗೆಡ್ಡೆಯ ಪಾಲು ತೆಳುವಾಗುತ್ತದೆ. ದ್ರವ ಗುಲಾಬಿಯಾಗಿ ಬಂದಿದ್ದರೆ ಮುಚ್ಚಿಡದೆ ಹಾಗೇ ದಾಖಲಿಸಿ.

ಓದುಗಂತ್ರಿ

ಲ್ಯಾಬ್ ಕಡೆಯಿಂದ ಸೇರಿಸುತ್ತೇನೆ. ಈ ದ್ರವದಿಂದ ಬರುವ ಡಿಎನ್‌ಎ ನ್ಯಾನೋಗ್ರಾಂ ಲೆಕ್ಕದ್ದು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಬೆಳಕು ಹೀರಿಕೆ ಅಳೆಯುವ ಸ್ಪೆಕ್ಟ್ರೋ ಯಂತ್ರದಲ್ಲಿ ಹಾಕಿದರೆ ಬರುವ ಅಂಕಿ ಬರೀ ಸದ್ದು. ಫ್ಲೋರೋಮೀಟರ್, ಅದರಲ್ಲೂ ಹೈ ಸೆನ್ಸಿಟಿವಿಟಿ ಕಿಟ್ ಬೇಕು. ತುಣುಕುಗಳ ಉದ್ದ ನೋಡಿಕೊಳ್ಳಿ. ಸತ್ತ ಕೋಶದಿಂದ ಕ್ರಮವಾಗಿ ಕತ್ತರಿಸಿ ಬಂದದ್ದು ಸುಮಾರು 170 ಬೇಸ್ ಹತ್ತಿರ ಗುಂಪಾಗುತ್ತದೆ. ಸಾವಿರಾರು ಬೇಸ್ ಉದ್ದದ ಗುಡ್ಡ ಕಂಡರೆ ಇಡೀ ಕೋಶಗಳು ಸೇರಿಕೊಂಡಿವೆ ಅಂತ ಅರ್ಥ.

ಇಷ್ಟು ಕಡಿಮೆ ಡಿಎನ್‌ಎಯಲ್ಲಿ ಆಳವಾದ ಸೀಕ್ವೆನ್ಸಿಂಗ್‌ಗೆ ಹೊರಡುವ ಮೊದಲು ಇಡೀ ಜೀನೋಮ್‌ನ ಮೇಲೆ ತೆಳುವಾಗಿ ಒಂದು ಓಟ ಓಡಿಸಿ ನೋಡಿ. ಕ್ರೋಮೋಸೋಮ್ ತುಂಡುಗಳ ಹೆಚ್ಚುಕಡಿಮೆ ಅದರಲ್ಲೇ ಎದ್ದು ಕಾಣುತ್ತದೆ: 1ಕ್ಯೂ, 2ಪಿ, 6ಪಿ ಹೆಚ್ಚಳ, 13ಕ್ಯೂ, 16ಕ್ಯೂ ನಷ್ಟ (ಅಂಕಿ ಕ್ರೋಮೋಸೋಮ್‌ನದು, ಪಿ ಅದರ ಗಿಡ್ಡ ತೋಳು, ಕ್ಯೂ ಉದ್ದ ತೋಳು). 6ಪಿ ಹೆಚ್ಚಳ ಇದ್ದ ಕಣ್ಣುಗಳನ್ನು ಉಳಿಸಿಕೊಳ್ಳುವುದು ಕಷ್ಟ ಎಂಬ ಸಂಬಂಧ ಒಂದಕ್ಕಿಂತ ಹೆಚ್ಚು ವರದಿಗಳಲ್ಲಿ ಬಂದಿದೆ.

ಆದರೆ ಒಂದು ಗುಂಡಿ ಇದೆ, ಬೀಳುವವರು ಬಹಳ. ಚಿಕಿತ್ಸೆಗೆ ಗೆಡ್ಡೆ ಕುಗ್ಗಿದಂತೆ ದ್ರವದಲ್ಲಿ ಅದರ ಡಿಎನ್‌ಎ ಪಾಲೂ ಕುಗ್ಗುತ್ತದೆ. ಆಗ ಗ್ರಾಫ್ ಚಪ್ಪಟೆ ಬರುತ್ತದೆ. ಅದನ್ನು "6ಪಿ ಹೆಚ್ಚಳ ಇಲ್ಲ" ಅಂತ ಬರೆದರೆ ತಪ್ಪು. "ಹೇಳಲು ಸಾಕಷ್ಟು ಗೆಡ್ಡೆಯ ಡಿಎನ್‌ಎ ಇಲ್ಲ" ಅಂತ ಬರೆಯಬೇಕು. ಇವೆರಡನ್ನೂ ಒಂದೇ ಕಾಲಮ್ಮಿನಲ್ಲಿ ಸೊನ್ನೆ ಅಂತ ತುಂಬಿದರೆ ಮುಂದಿನ ಲೆಕ್ಕವೆಲ್ಲ ಅಡ್ಡದಾರಿ.

ತನುಖಿ

ಬೇಸರ ಮಾಡಬೇಡಿ, ಇನ್ನೊಂದು. ಗೆಡ್ಡೆಯ ಡಿಎನ್‌ಎಗೆ ಇಷ್ಟು ಒದ್ದಾಡುವ ಬದಲು ರಕ್ತದಲ್ಲೇ ಆರ್‌ಬಿ1 (ಕೆಟ್ಟರೆ ಈ ಗೆಡ್ಡೆ ತರುವ ಜೀನ್) ಪರೀಕ್ಷೆ ಮಾಡಿದರೆ ಸಾಲದೇ?

ಬಿಳಿಪಾಪೆ

ಎರಡೂ ಬೇಕು, ಬೇರೆ ಬೇರೆ ಪ್ರಶ್ನೆಗಳಿಗೆ. 1971ರಲ್ಲಿ ಆಲ್ಫ್ರೆಡ್ ಕ್ನಡ್ಸನ್ ಹೇಳಿದ ಎರಡು ಪೆಟ್ಟಿನ ಲೆಕ್ಕ ಇದೇ. ಒಂದು ಪೆಟ್ಟು ಹುಟ್ಟುತ್ತಲೇ ಎಲ್ಲ ಕೋಶಗಳಲ್ಲೂ ಇರಬಹುದು, ಎರಡನೆಯದು ರೆಟಿನಾದ ಕೋಶದಲ್ಲಿ ಬೀಳುತ್ತದೆ. ರಕ್ತ ಹೇಳುವುದು ಮೊದಲನೆಯದನ್ನು ಮಾತ್ರ. ಎರಡೂ ಕಣ್ಣಿಗೆ ಬಂದ ಮಗುವಿನಲ್ಲಿ ಅದು ಇದ್ದೇ ಇದೆ ಅಂತ ಇಟ್ಟುಕೊಳ್ಳಬಹುದು. ಒಂದೇ ಕಣ್ಣಿನವರಲ್ಲಿ ಸುಮಾರು 15% ಮಂದಿಯಲ್ಲಿ. ಒಂದೇ ಕಣ್ಣಿನದಾದರೆ ಮೊದಲು ಗೆಡ್ಡೆಯಲ್ಲಿ ಎರಡೂ ಪೆಟ್ಟು ಪತ್ತೆ ಮಾಡಿ, ಆಮೇಲೆ ಅವೇ ಎರಡನ್ನು ರಕ್ತದಲ್ಲಿ ಆಳವಾಗಿ ಹುಡುಕುವುದು ಒಳ್ಳೆಯ ಕ್ರಮ. ಮೊಸಾಯಿಕ್ ಇದ್ದರೆ, ಅಂದರೆ ಕೆಲವೇ ಕೋಶಗಳಲ್ಲಿ ದೋಷ ಇದ್ದರೆ, ಮಾಮೂಲಿ ರಕ್ತ ಪರೀಕ್ಷೆ ಅದನ್ನು ತಪ್ಪಿಸಿಕೊಳ್ಳುತ್ತದೆ. ಏನು ಹುಡುಕಬೇಕು ಅಂತ ಮೊದಲೇ ಗೊತ್ತಿದ್ದರೆ ಸಿಗುತ್ತದೆ.

ಆರ್‌ಬಿ1 ಪೂರ್ತಿ ಸರಿ ಇದ್ದೂ ಗೆಡ್ಡೆ ಬರುವುದುಂಟು. 2013ರಲ್ಲಿ ವರದಿಯಾದ ಎಂವೈಸಿಎನ್ ಎಂಬ ಜೀನ್‌ನ ಪ್ರತಿಗಳು ಹೆಚ್ಚಿರುವ ಗುಂಪು ಅದು. ಒಂದೇ ಕಣ್ಣಿನ ಪ್ರಕರಣಗಳಲ್ಲಿ 1.4% ಹತ್ತಿರ, ಪತ್ತೆಯಾಗುವ ಮಧ್ಯಾಂಕ (ಮೀಡಿಯನ್) ವಯಸ್ಸು ನಾಲ್ಕೂವರೆ ತಿಂಗಳು. ಆರು ತಿಂಗಳೊಳಗಿನ ಕೂಸು, ಒಂದೇ ಕಣ್ಣು, ದೊಡ್ಡ ಗೆಡ್ಡೆ, ಮನೆಯಲ್ಲಿ ಯಾರಿಗೂ ಇಲ್ಲ ಅಂದರೆ ಇದನ್ನು ಹುಡುಕುವ ಪ್ರೋಬ್ ಪ್ಯಾನೆಲ್‌ನಲ್ಲಿ ಇರಲಿ.

ಕರಿಪುಡಿ

ಮೆಲನೋಮಾ ಕಡೆಗೆ ಬರೋಣ. ಕಪ್ಪು ಡಿಎನ್‌ಎ ನೋಡಿ ಹೆದರಬೇಡಿ, ಆದರೆ ನಂಬಲೂ ಬೇಡಿ. ಮೆಲನಿನ್ ಕಾಲಮ್ಮಿನಲ್ಲಿ ಡಿಎನ್‌ಎ ಜೊತೆಗೇ ಇಳಿದು ಬರುತ್ತದೆ, ಪಾಲಿಮರೇಸ್‌ಗೆ ಅಂಟಿಕೊಂಡು ಅದರ ಕೈ ಕಟ್ಟಿಹಾಕುತ್ತದೆ. ಅದು 260 ನ್ಯಾನೋಮೀಟರ್‌ನಲ್ಲೂ ಬೆಳಕು ಹೀರುವುದರಿಂದ ಸ್ಪೆಕ್ಟ್ರೋ ಯಂತ್ರ "ಡಿಎನ್‌ಎ ಬೇಕಾದಷ್ಟಿದೆ" ಅಂತ ಸುಳ್ಳು ಹೇಳುತ್ತದೆ. ಪಿಸಿಆರ್ ಬರಲಿಲ್ಲ ಅಂತ ಇನ್ನಷ್ಟು ಡಿಎನ್‌ಎ ಸುರಿಯುವುದು ಮಾಮೂಲಿ ತಪ್ಪು. ಮೆಲನಿನ್ನೂ ಇನ್ನಷ್ಟು ಹೋಗುತ್ತದೆ.

ಮೊದಲು ತಡೆ ಇದೆಯೋ ಅಂತ ಖಚಿತ ಮಾಡಿಕೊಳ್ಳಿ. ಗೊತ್ತಿರುವ ಶುದ್ಧ ಡಿಎನ್‌ಎಯನ್ನು ಒಂದು ಕೊಳವೆಗೆ ನೀರಿನ ಜೊತೆ, ಇನ್ನೊಂದಕ್ಕೆ ನಿಮ್ಮ ಕಪ್ಪು ಮಾದರಿಯ ಜೊತೆ ಹಾಕಿ ಓಡಿಸಿ. ಎರಡನೆಯದರಲ್ಲಿ ಸಿಟಿ ಅಂಕಿ (ಸಂಕೇತ ಕಾಣಲು ಬೇಕಾದ ಪಿಸಿಆರ್ ಸುತ್ತುಗಳ ಲೆಕ್ಕ) ಮೇಲೆ ಹೋದರೆ ತಡೆ ಇದೆ. ಆಗ ಹತ್ತರಲ್ಲಿ ಒಂದು, ಐವತ್ತರಲ್ಲಿ ಒಂದು ಅಂತ ತೆಳು ಮಾಡಿ. ಮಿಶ್ರಣಕ್ಕೆ ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ಸೇರಿಸಿ, ಪ್ರತಿ ಮೈಕ್ರೋಲೀಟರಿಗೆ 200ರಿಂದ 400 ನ್ಯಾನೋಗ್ರಾಂ ಸಾಮಾನ್ಯ ಅಳತೆ. ಮೆಲನಿನ್ ಪಾಲಿಮರೇಸ್ ಬಿಟ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಅದೂ ಆಗದಿದ್ದರೆ ಇನ್ನೊಂದು ಸಲ ಕಾಲಮ್ಮಿನಲ್ಲಿ ತೊಳೆಯುವುದು, ಸ್ವಲ್ಪ ಡಿಎನ್‌ಎ ಕಳೆದುಕೊಳ್ಳುತ್ತೀರಿ ಅಷ್ಟೇ.

ಸ್ಲೈಡಿನಲ್ಲೂ ಇದೇ ಪುಂಡಾಟ. ಆ್ಯಂಟಿಬಾಡಿ ಅಂಟಿದ್ದನ್ನು ತೋರಿಸುವ ಡ್ಯಾಬ್ ಬಣ್ಣ ಕಂದು, ಮೆಲನಿನ್ನೂ ಕಂದು. ಕೆಂಪು ಕ್ರೋಮೋಜೆನ್ ಬಳಸಿ. ತೀರ ಕಪ್ಪಾಗಿದ್ದರೆ ಬೆಚ್ಚಗಿನ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬಣ್ಣ ತೆಗೆಯಿರಿ, ಪೊಟ್ಯಾಸಿಯಂ ಪರ್ಮಾಂಗನೇಟ್ ಆ್ಯಂಟಿಜೆನ್‌ಗಳಿಗೆ ಅದಕ್ಕಿಂತ ಒರಟು. ಬ್ಯಾಪ್1 (ಗೆಡ್ಡೆ ತಡೆಯುವ ಪ್ರೋಟೀನ್) ಸ್ಟೇನ್ ಓದುವಾಗ ನೆನಪಿಡಿ, ನ್ಯೂಕ್ಲಿಯಸ್‌ನ ಬಣ್ಣ ಮಾತ್ರ ಲೆಕ್ಕಕ್ಕೆ. ಅದೇ ಸ್ಲೈಡಿನ ರಕ್ತನಾಳದ ಗೋಡೆ, ಲಿಂಫೋಸೈಟ್‌ಗಳ ನ್ಯೂಕ್ಲಿಯಸ್ ಬಣ್ಣ ಹಿಡಿದಿರಬೇಕು. ಅವೂ ಬಿಳಿಯಾಗಿದ್ದರೆ ಬ್ಯಾಪ್1 ಹೋಗಿದೆ ಅಂತಲ್ಲ, ಸ್ಟೇನ್ ಕೆಟ್ಟಿದೆ ಅಂತ.

ಹೊಸಬ್ಲಾಕ್

ಬಹಳ ಉಪಕಾರ. ರೆಟಿನೋಬ್ಲಾಸ್ಟೋಮಾಗೆ ಸೂಜಿ ಬೇಡ ಅಂತಾಯಿತು, ಮೆಲನೋಮಾಗೆ ಹಾಕುತ್ತಾರಲ್ಲ. ಯಾವ ಹಂತದಲ್ಲಿ ಹಾಕಿಸುವುದು? ಎಷ್ಟು ಸಲ?

ಕರಿಪುಡಿ

ಪ್ಲಾಕ್ (ಕಣ್ಣಿನ ಗೋಡೆಗೆ ಇಡುವ ವಿಕಿರಣದ ಬಿಲ್ಲೆ) ಹೊಲಿಯುವ ದಿನವೇ, ಹೊಲಿಯುವ ಮೊದಲು. ವಿಕಿರಣ ತಾಗಿದ ಮೇಲೆ ಸಿಗುವ ಕೋಶಗಳು ಸೊರಗಿರುತ್ತವೆ. 25 ಅಥವಾ 27 ಗೇಜ್. ಗೆಡ್ಡೆ ಮುಂಭಾಗದಲ್ಲಿದ್ದರೆ ಸ್ಕ್ಲೀರಾ ಮೂಲಕ, ಹಿಂದಿದ್ದರೆ ವಿಟ್ರಿಯಸ್ ಮೂಲಕ. ಸ್ಕ್ಲೀರಾ ಮೂಲಕ ಹೋದ ರಂಧ್ರ ಪ್ಲಾಕ್‌ನ ಅಡಿಯೇ ಬರುವಂತೆ ನೋಡಿಕೊಳ್ಳುತ್ತಾರೆ, ಚೆಲ್ಲಿದ ಕೋಶ ಇದ್ದರೂ ವಿಕಿರಣಕ್ಕೆ ಸಿಗುತ್ತದೆ. ಅಯೋಡಿನ್ 125 ಪ್ಲಾಕ್‌ನಲ್ಲಿ ಗೆಡ್ಡೆಯ ತುದಿಗೆ 85 ಗ್ರೇ ಎನ್ನುವ ಅಳತೆ ಕಾಮ್ಸ್ ಎಂಬ ದೊಡ್ಡ ಚಿಕಿತ್ಸಾ ಪ್ರಯೋಗದಿಂದ ಬಂದದ್ದು. ಮಧ್ಯಮ ಗಾತ್ರದ ಗೆಡ್ಡೆಯಲ್ಲಿ ಕಣ್ಣು ತೆಗೆದರೂ, ಪ್ಲಾಕ್ ಇಟ್ಟು ಕಣ್ಣು ಉಳಿಸಿದರೂ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಇಲ್ಲ ಅಂತ ಖಚಿತ ಮಾಡಿದ ಪ್ರಯೋಗವೂ ಅದೇ.

ಎರಡು ಸಲ ಚುಚ್ಚಿದರೆ ಒಂದು ಸೈಟಾಲಜಿಗೆ, ಒಂದು ಜೀನ್ ಪರೀಕ್ಷೆಗೆ. ಎರಡನೆಯದನ್ನು ಸೂಜಿಯಿಂದ ನೇರ ಆರ್‌ಎನ್‌ಎ ಬಫರ್‌ಗೆ ಊದಿ, ಅದೇ ಬಫರ್ ಎಳೆದು ಸೂಜಿ ತೊಳೆದು ಮತ್ತೆ ಊದಿ. ಕೋಶಗಳು ಸೂಜಿಯ ಗೋಡೆಯಲ್ಲಿ ಉಳಿದುಹೋಗುವುದೇ ಹೆಚ್ಚು. ಸೈಟಾಲಜಿ ನೋಡದೆ ಜೀನ್ ಫಲಿತಾಂಶ ಮಾತ್ರ ಓದಬೇಡಿ. ಸೂಜಿ ಗೆಡ್ಡೆಗೆ ತಾಗದೆ ರಕ್ತ ಮಾತ್ರ ಬಂದಿದ್ದರೆ, ಒಂದು ಕಳೆದಿದ್ದರೆ ಕೆಟ್ಟ ಸೂಚನೆಯಾದ ಕ್ರೋಮೋಸೋಮ್ 3 ಎರಡೂ ಸರಿಯಾಗಿ ಕಾಣುತ್ತವೆ, ರೋಗಿಗೆ ಸುಳ್ಳು ನೆಮ್ಮದಿ.

ಓದುಗಂತ್ರಿ

ಅಲ್ಲೇ ಇನ್ನೊಂದು ಮಾತು. ಕ್ರೋಮೋಸೋಮ್ 3 ಒಂದು ಕಳೆದುಹೋಗಿ, ಉಳಿದದ್ದೇ ನಕಲಾಗಿ ಎರಡಾಗಿರುವ ಗೆಡ್ಡೆಗಳಿವೆ. ಫಿಶ್‌ನಲ್ಲಿ (ಕ್ರೋಮೋಸೋಮ್‌ಗೆ ಹೊಳೆಯುವ ಗುರುತು ಅಂಟಿಸಿ ಎಣಿಸುವ ಪರೀಕ್ಷೆ) ಎರಡು ಚುಕ್ಕೆ ಕಾಣುತ್ತದೆ, ಎಲ್ಲ ಸರಿ ಅನಿಸುತ್ತದೆ. ಎಸ್‌ಎನ್‌ಪಿ ಅರೇ ಅಥವಾ ಸೀಕ್ವೆನ್ಸಿಂಗ್ ಮಾತ್ರ ಎರಡೂ ಒಂದೇ ಅಚ್ಚು ಅಂತ ತೋರಿಸುತ್ತದೆ. ವರ್ತನೆಯಲ್ಲಿ ಇವು ಒಂಟಿ 3ರ ಗೆಡ್ಡೆಗಳ ಸಾಲಿನವೇ.

ಜಿಎನ್‌ಎಕ್ಯೂ, ಜಿಎನ್‌ಎ11 ಜೀನ್‌ಗಳಲ್ಲಿ ದೋಷ ಸಿಕ್ಕಿತು ಅಂತ ಭವಿಷ್ಯ ಹೇಳಲು ಹೋಗಬೇಡಿ, ಅವು ನಿರುಪದ್ರವಿ ಮಚ್ಚೆಯಲ್ಲೂ ಇರುತ್ತವೆ. ಅವು ಸಿಕ್ಕರೆ ಮಾದರಿಯಲ್ಲಿ ಮೆಲನೋಸೈಟ್ ಗೆಡ್ಡೆಯ ಕೋಶ ಬಂದಿದೆ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ, ಆ ಕೆಲಸಕ್ಕೆ ಬಳಸಿಕೊಳ್ಳಿ. ಭವಿಷ್ಯದ ಸುಳಿವು ಬ್ಯಾಪ್1, ಎಸ್‌ಎಫ್3ಬಿ1, ಇಐಎಫ್1ಎಎಕ್ಸ್ ಮತ್ತು 8ಕ್ಯೂ ಹೆಚ್ಚಳದಲ್ಲಿದೆ. ಬ್ಯಾಪ್1 ಹೋಗಿದ್ದರೆ ಬೇಗ ಹರಡುವ ಭಯ, ಎಸ್‌ಎಫ್3ಬಿ1 ಇದ್ದರೆ ತಡವಾಗಿ, ಇಐಎಫ್1ಎಎಕ್ಸ್ ಇದ್ದರೆ ಅಪಾಯ ಕಡಿಮೆ.

ಮೂಲಸಾಕ್ಷಿ

ಸೆಲ್ ಲೈನ್ ಪ್ರಶ್ನೆ ಯಾರೂ ಮುಟ್ಟಿಲ್ಲ, ಮುಟ್ಟಲೇಬೇಕು. ಓಸಿಎಂ-1 ತರಿಸಬೇಡಿ. ಯೂವಿಯಲ್ ಮೆಲನೋಮಾ ಅಂತ ವರ್ಷಗಟ್ಟಲೆ ಪ್ರಬಂಧಗಳಲ್ಲಿ ಬಂದಿದೆ, ಆದರೆ ಅದರಲ್ಲಿರುವುದು ಬ್ರಾಫ್ ಜೀನ್‌ನ ವಿ600ಇ ದೋಷ, ಚರ್ಮದ ಮೆಲನೋಮಾದ ಗುರುತು. ಜಿಎನ್‌ಎಕ್ಯೂ, ಜಿಎನ್‌ಎ11 ಎರಡೂ ಸರಿ ಇವೆ. ಬ್ರಾಫ್ ತಡೆಯುವ ಔಷಧಿ ಅದರ ಮೇಲೆ ಕೆಲಸ ಮಾಡಿತು ಅಂದರೆ ಕಣ್ಣಿನ ಗೆಡ್ಡೆಗೆ ಏನೂ ಹೇಳಿದಂತಾಗಲಿಲ್ಲ.

ಬೇಕಾದ್ದು: 92.1, ಮೆಲ್202, ಮೆಲ್270 (ಜಿಎನ್‌ಎಕ್ಯೂ), ಓಎಂಎಂ1, ಎಂಪಿ41 (ಜಿಎನ್‌ಎ11), ಬ್ಯಾಪ್1 ಇಲ್ಲದ್ದು ಬೇಕಿದ್ದರೆ ಎಂಪಿ46. ಇದು ನಿಧಾನ ಬೆಳೆಯುತ್ತದೆ, ತಾಳ್ಮೆ ಬೇಕು. ರೆಟಿನೋಬ್ಲಾಸ್ಟೋಮಾಗೆ ವೈ79 ಮತ್ತು ವೆರಿ-ಆರ್‌ಬಿ1. ಎರಡೂ ತೇಲುತ್ತ ದ್ರಾಕ್ಷಿ ಗೊಂಚಲಿನಂತೆ ಬೆಳೆಯುತ್ತವೆ, ತಳಕ್ಕೆ ಅಂಟುವುದಿಲ್ಲ. ಮಾಧ್ಯಮ ಬದಲಿಸುವಾಗ ಮೇಲಿನದನ್ನು ಹೀರಿ ಚೆಲ್ಲಿದರೆ ಕೋಶಗಳೇ ಚರಂಡಿಗೆ. ಗೊಂಚಲು ಬಿಡಿಸದೆ ಎಣಿಸಿದರೆ ಪ್ಲೇಟಿನ ಒಂದು ಗುಳಿಯಿಂದ (ವೆಲ್) ಇನ್ನೊಂದಕ್ಕೆ ಅಂಕಿ ಕುಣಿಯುತ್ತದೆ, ಔಷಧಿಯ ಪರಿಣಾಮ ಅಂತ ಅದನ್ನೇ ಓದಿಬಿಡುತ್ತಾರೆ.

ತರಿಸಿದ ದಿನ ಎಸ್‌ಟಿಆರ್ ಪ್ರೊಫೈಲ್ (ಕೋಶದ ಡಿಎನ್‌ಎ ಬೆರಳಚ್ಚು), ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ. ಹೋಲಿಕೆ 80%ಗಿಂತ ಕಡಿಮೆ ಇದ್ದರೆ ಆ ಬಾಟಲಿ ಬೇಡ. ಇದನ್ನು ಅತಿ ಅನ್ನುವವರಿಗೆ ಆರ್‌ಜಿಸಿ-5 ಉದಾಹರಣೆ ಸಾಕು. ಗ್ಲಾಕೋಮಾ ಸಂಶೋಧನೆಯಲ್ಲಿ ಇಲಿಯ ಗ್ಯಾಂಗ್ಲಿಯಾನ್ ಕೋಶ ಅಂತ ಹತ್ತು ವರ್ಷಕ್ಕೂ ಹೆಚ್ಚು ಬಳಸಿದರು. 2013ರಲ್ಲಿ ನೋಡಿದರೆ ಅದು 661ಡಬ್ಲ್ಯೂ, ಚಿಟ್ಟಿಲಿಯ ಫೋಟೋರಿಸೆಪ್ಟರ್ ಮೂಲದ ಲೈನ್. ಪ್ರಾಣಿಯೂ ಬೇರೆ, ಕೋಶವೂ ಬೇರೆ.

ಗಾಜುಪಟ್ಟಿ

ಪ್ರಾಣಿಯ ಮಾತು ಬಂತಲ್ಲ, ಚಿಟ್ಟಿಲಿ ತರಿಸುವವರೂ ವಂಶ ನೋಡಿಕೊಳ್ಳಿ. ಎಫ್‌ವಿಬಿ ಮತ್ತು ಸಿ3ಎಚ್ ತಳಿಗಳಲ್ಲಿ ಆರ್‌ಡಿ1 ದೋಷ ಇದೆ, ಕಣ್ಣು ತೆರೆಯುವ ಹೊತ್ತಿಗೇ ರಾಡ್‌ಗಳು (ಮಂದ ಬೆಳಕು ಕಾಣುವ ಕೋಶಗಳು) ಸಾಯತೊಡಗಿರುತ್ತವೆ. ಸಿ57ಬಿಎಲ್/6ಎನ್ ತಳಿಯಲ್ಲಿ ಆರ್‌ಡಿ8, ರೆಟಿನಾದ ಕೆಳಭಾಗದಲ್ಲಿ ಬಿಳಿ ಚುಕ್ಕೆಗಳು. 2012ರ ತನಕ ಬಹಳ ಜನ ಆ ಚುಕ್ಕೆಗಳನ್ನು ತಾವು ಕೆಡಿಸಿದ ಜೀನ್‌ನ ಪರಿಣಾಮ ಅಂದುಕೊಂಡಿದ್ದರು. ಕೊನೆಯಲ್ಲಿ ಜೆ ಅಕ್ಷರ ಇರುವ 6ಜೆ ತಳಿಯಲ್ಲಿ ಅದಿಲ್ಲ. ಒಂದು ಅಕ್ಷರದ ವ್ಯತ್ಯಾಸ.

ವಿಟ್ರಿಯಸ್‌ಗೆ ಕೋಶ ಚುಚ್ಚುವವರು 1, ಹೆಚ್ಚೆಂದರೆ 2 ಮೈಕ್ರೋಲೀಟರ್ ದಾಟಬೇಡಿ. ಚಿಟ್ಟಿಲಿಯ ಕಣ್ಣನ್ನು ಬಹುಪಾಲು ಲೆನ್ಸೇ ತುಂಬಿರುತ್ತದೆ. ಹೆಚ್ಚು ಹಾಕಿದರೆ ರಂಧ್ರದಿಂದ ವಾಪಸ್ ಉಕ್ಕಿ ಹೊರಗೆ ಗೆಡ್ಡೆ ಕಟ್ಟುತ್ತದೆ, ನೀವು ಅದನ್ನು "ಕಣ್ಣಿನಾಚೆ ಹರಡಿತು" ಅಂತ ಬರೆಯುತ್ತೀರಿ.

ಸರಾಸರಿ

ಪಟ್ಟಿ ಮಾಡುವವರಿಗೆ ಎರಡೇ ಮಾತು. ಒಬ್ಬ ವ್ಯಕ್ತಿಯ ಎರಡು ಕಣ್ಣು ಅಂದರೆ ಎರಡು ವ್ಯಕ್ತಿಗಳಲ್ಲ. 40 ಮಕ್ಕಳ 60 ಕಣ್ಣುಗಳನ್ನು 60 ಅಂತ ಟಿ-ಟೆಸ್ಟ್‌ಗೆ ಹಾಕಿದರೆ ಪಿ ಮೌಲ್ಯ ಇಲ್ಲದ ಧೈರ್ಯ ತೋರಿಸುತ್ತದೆ. ಒಬ್ಬರ ಎರಡು ಕಣ್ಣಿನ ನಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಕ್ಸೆಡ್ ಮಾಡೆಲ್ ಅಥವಾ ಜಿಇಇ ವಿಧಾನ ಬಳಸಿ. ಫೋಟೋ ಓದುವ ಎಐ ತರಬೇತಿಗೂ ಅಷ್ಟೇ. ಎಡಗಣ್ಣು ತರಬೇತಿಗೆ, ಬಲಗಣ್ಣು ಪರೀಕ್ಷೆಗೆ ಹೋದರೆ ಯಂತ್ರ ಕಾಯಿಲೆ ಕಲಿಯುವುದಿಲ್ಲ, ಮನುಷ್ಯನನ್ನು ಗುರುತು ಹಿಡಿಯುತ್ತದೆ. ವಿಂಗಡಣೆ ರೋಗಿಯ ಮಟ್ಟದಲ್ಲಿ ಆಗಬೇಕು, ಫೋಟೋ ಮಟ್ಟದಲ್ಲಿ ಅಲ್ಲ.

ತನುಖಿ

ವಿಟ್ರಿಯಸ್ ಲಿಂಫೋಮಾ (ಅಲ್ಲಿ ಬರುವ ಬಿಳಿಕಣಗಳ ಕ್ಯಾನ್ಸರ್) ಮಾದರಿಯೂ ಇದೇ ಸಂಗ್ರಹಕ್ಕೆ ಬರುತ್ತದೆಯೇ? ಅದಕ್ಕೂ ಇದೇ ನಿಯಮವೇ?

ಕರಿಪುಡಿ

ಅದು ಇನ್ನೂ ನಾಜೂಕು. ಆ ಕೋಶಗಳು ಹೊರಬಂದ ಮೇಲೆ ಕಣ್ಣೆದುರೇ ಸಾಯುತ್ತವೆ. ವಿಟ್ರಿಯಸ್ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗೆ ನೀರು ಹರಿಸುವ ಮೊದಲು, ಕಟ್ಟರ್ ವೇಗ ತಗ್ಗಿಸಿ, ಬೆರಕೆಯಿಲ್ಲದ ವಿಟ್ರಿಯಸ್ ಸುಮಾರು 1 ಮಿ.ಲೀ. ಪಡೆಯಿರಿ, ಒಂದು ಗಂಟೆಯೊಳಗೆ ಲ್ಯಾಬಿನಲ್ಲಿರಲಿ. ಸ್ಟಿರಾಯ್ಡ್ ನಡೆಯುತ್ತಿದ್ದರೆ ವೈದ್ಯರು ಮೊದಲೇ ನಿಲ್ಲಿಸಿರಬೇಕು, ಇಲ್ಲವಾದರೆ ಸ್ಲೈಡಿನಲ್ಲಿ ಕೋಶಗಳ ನೆರಳು ಮಾತ್ರ. ಕೋಶ ಸಿಗದಿದ್ದರೂ ಮೇಲಿನ ದ್ರವ ಚೆಲ್ಲಬೇಡಿ. ಐಎಲ್-10 ಎಂಬ ಸಂಕೇತ ಪ್ರೋಟೀನ್‌ನ ಪ್ರಮಾಣ ಅಂಥದ್ದೇ ಐಎಲ್-6ಗಿಂತ ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ, ಎಂವೈಡಿ88 ಜೀನ್‌ನ ಎಲ್265ಪಿ ದೋಷವೂ ಅದೇ ದ್ರವದಲ್ಲಿ ಸಿಗುತ್ತದೆ.

ಹೊಸಬ್ಲಾಕ್

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ, ತೀರ ಸಣ್ಣದು ಅನಿಸಬಹುದು. ಟ್ಯೂಬಿನ ಮೇಲೆ ಏನೇನು ಬರೆಯಬೇಕು?

ಪ್ಯಾರಾಫಿನ್

ಸಣ್ಣದೇನಲ್ಲ. ರೋಗಿಯ ಸಂಕೇತ ಸಂಖ್ಯೆ, ಯಾವ ಕಣ್ಣು, ಏನು ಮಾದರಿ, ಎಷ್ಟನೇ ಪಾಲು, ಎರಡು ಸಮಯ. ಮೊದಲ ಸಮಯ ನರ ಕತ್ತರಿಸಿದ ಅಥವಾ ಸೂಜಿ ಹೊರಬಂದ ನಿಮಿಷ, ಎರಡನೆಯದು ಫ್ರೀಜರಿನ ಬಾಗಿಲು ಹಾಕಿದ ನಿಮಿಷ. ಮಾರ್ಕರ್ ಪೆನ್ನು ಬೇಡ, ಆಲ್ಕೋಹಾಲ್ ತಾಗಿದರೆ ಅಳಿಸುತ್ತದೆ. ಮೈನಸ್ 80ಕ್ಕೆ ತಡೆಯುವ ಲೇಬಲ್‌ನಲ್ಲಿ ಮುದ್ರಿಸಿ, ಟ್ಯೂಬ್ ಒಣಗಿದ್ದಾಗಲೇ ಅಂಟಿಸಿ, ಮಂಜು ಹಿಡಿದ ಮೇಲೆ ಅಂಟಿಸಿದ್ದು ಉದುರಿ ಪೆಟ್ಟಿಗೆಯ ತಳ ಸೇರುತ್ತದೆ.

ಬಿಳಿಪಾಪೆ

ಕಣ್ಣು ಯಾವುದು ಅನ್ನುವುದನ್ನು ಒಂದಕ್ಷರದ ಸಂಕ್ಷೇಪದಲ್ಲಿ ಬರೆಯಬೇಡಿ, "ಬಲ" "ಎಡ" ಅಂತ ಪೂರ್ತಿ ಬರೆಯಿರಿ. ಎರಡೂ ಕಣ್ಣಿನ ಕಾಯಿಲೆಯಲ್ಲಿ ಮೊದಲ ಪೆಟ್ಟು ಒಂದೇ ಆದರೂ ಎರಡನೆಯದು ಒಂದೊಂದು ಗೆಡ್ಡೆಯಲ್ಲೂ ಬೇರೆ. ಟ್ಯೂಬ್ ಅದಲುಬದಲಾದರೆ ರಕ್ತದ ಜೊತೆ ತಾಳೆ ನೋಡಿದರೂ ಗೊತ್ತಾಗುವುದಿಲ್ಲ, ಎರಡೂ ಅದೇ ಮಗುವಿನವೇ. ಬಲ ಅಂದರೆ ಮಲಗಿರುವ ಮಗುವಿನ ಬಲ, ತಲೆಯ ಕಡೆ ಕೂತ ಸರ್ಜನ್‌ಗೂ ಎದುರು ನಿಂತು ಟ್ಯೂಬ್ ಹಿಡಿದವರಿಗೂ ಅದು ಬೇರೆ ಬೇರೆ ಪಕ್ಕ ಕಾಣುತ್ತದೆ. ದ್ರವ ಟ್ಯೂಬಿಗೆ ಬೀಳುವ ಮೊದಲು ಒಬ್ಬರು ಗಟ್ಟಿಯಾಗಿ ಹೇಳಲಿ, ಇನ್ನೊಬ್ಬರು ಲೇಬಲ್ ನೋಡಿ ಓದಿ ಹೇಳಲಿ.